ಮಲೆನಾಡಿನ ಮನೆಗೆ ಲಿಥಿಯಂ ಬ್ಯಾಟರಿ: ಮಳೆಗಾಲ ದಾಟಿದ ಮೇಲೆ ಬರೆದದ್ದು

ಕರೆಂಟ್ ಬಿಲ್ ಉಳಿಸಬೇಕು ಅಂತ ಮನೆಗೆ ದೊಡ್ಡ ಬ್ಯಾಟರಿ ಹಾಕಿಸುವ ಯೋಚನೆ ಇದ್ದರೆ, ದಯವಿಟ್ಟು ಆ ದುಡ್ಡನ್ನು ಬ್ಯಾಂಕಿನಲ್ಲೇ ಇಡಿ. ಕರ್ನಾಟಕದ ಈಗಿನ ದರದಲ್ಲಿ ಲೆಕ್ಕ ಕೂಡಿ ಬರುವುದಿಲ್ಲ. ಆದರೆ ಕರೆಂಟ್ ಹೋದಾಗ ಮನೆಯಲ್ಲಿ ಯಾರದಾದರೂ ಜೀವಕ್ಕೆ ತೊಂದರೆ ಆಗುತ್ತದೆ ಅನ್ನುವ ಪರಿಸ್ಥಿತಿ ನಿಮ್ಮದಾದರೆ, ಸಾಲ ಮಾಡಿಯಾದರೂ ಹಾಕಿಸಿ. ನಾವು ಹಾಕಿಸಿದ್ದು ಈ ಎರಡನೇ ಕಾರಣಕ್ಕೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಒಂಟಿ ಮನೆ. ಸುತ್ತ ಅಡಿಕೆ ತೋಟ, ಅದರಾಚೆ ಕಾಡು. ಲೈನ್ ಬರುವುದೇ ಕಾಡಿನೊಳಗಿಂದ. ಆರಿದ್ರಾ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತದೆ. ಲೈನ್‌ಮನ್‌ಗಳು ಆ ಜಡಿಮಳೆಯಲ್ಲಿ, ಜಿಗಣೆ ಹತ್ತಿಸಿಕೊಂಡು, ಕತ್ತಿ ಹಿಡಿದು ಹುಡುಕಿಕೊಂಡು ಹೋಗಬೇಕು. ಅವರ ಕಷ್ಟ ನೋಡಿದವರು ಯಾರೂ ಅವರನ್ನು ಬೈಯುವುದಿಲ್ಲ. ಆದರೂ ಕರೆಂಟ್ ಇಲ್ಲದ್ದು ಇಲ್ಲದ್ದೇ ಅಲ್ವಾ?

ನನ್ನ ಮಾವನವರಿಗೆ ಶ್ವಾಸಕೋಶದ ತೊಂದರೆ. ರಾತ್ರಿ ಪೂರ್ತಿ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕು. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ, ನಿಮಿಷಕ್ಕೆ 5 ಲೀಟರಿನ ಮೆಷಿನ್. ಹಗಲಲ್ಲೂ ಮೂರು ನಾಲ್ಕು ಗಂಟೆ ಹಾಕಿಕೊಳ್ಳುತ್ತಾರೆ. ಅದು ಗುಂಯ್ ಅನ್ನುತ್ತಾ ಇದ್ದರೆ ನಮಗೆಲ್ಲ ನಿದ್ದೆ, ನಿಂತರೆ ಎಲ್ಲರಿಗೂ ಎಚ್ಚರ.

ಮೊದಲು ಇದ್ದದ್ದು ಎಲ್ಲರ ಮನೆಯಲ್ಲೂ ಇರುವ ಹಾಗಿನ ಇನ್ವರ್ಟರ್, 150 ಆಂಪಿಯರ್-ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ. ಕಾಗದದ ಮೇಲೆ ಅವೆರಡೂ ಸೇರಿ 3.6 ಯೂನಿಟ್. ಆದರೆ ಅವು ಸೀಸ-ಆಸಿಡ್‌ನವು, ಅಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಬಂದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಅಂದರೆ ಕೈಗೆ ಸಿಗುವುದು 1.8 ಯೂನಿಟ್ ಅಂತ ಇಟ್ಟುಕೊಳ್ಳಿ. ಇನ್ವರ್ಟರ್‌ನಲ್ಲಿ ಸೋರುವುದನ್ನೂ ಕಳೆದರೆ ಮಾವನವರ ಮೆಷಿನ್‌ಗೆ ಐದು ಗಂಟೆಗೂ ಸಾಲದು. ಮಧ್ಯರಾತ್ರಿ ದಾಟಿದ ಮೇಲೆ ಆಕ್ಸಿಜನ್ ಸಿಲಿಂಡರ್ ತೆರೆಯಬೇಕಾಗುತ್ತಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಚಾರ್ಜ್ ಆಗುವುದರಲ್ಲಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಬಂದರೂ ನಿಲ್ಲುವುದಿಲ್ಲ. ಸಂಜೆ ಎರಡು ಗಂಟೆ ಇರುತ್ತದೆ, ಮತ್ತೆ ಹೋಗುತ್ತದೆ. ಟ್ಯೂಬುಲರ್ ಬ್ಯಾಟರಿ ತುಂಬುವುದಕ್ಕೆ ಎಂಟು ಹತ್ತು ಗಂಟೆ ಬೇಕು. ಎರಡು ಗಂಟೆಯಲ್ಲಿ ಅದಕ್ಕೆ ಗಂಟಲು ಒದ್ದೆಯಾಗುವಷ್ಟೂ ಸಿಗುವುದಿಲ್ಲ. ಎರಡನೇ ರಾತ್ರಿಗೆ ಬ್ಯಾಟರಿ ಇದ್ದೂ ಇಲ್ಲದ ಹಾಗೆ. ಲಿಥಿಯಂ ಕಡೆ ನಾವು ತಿರುಗಿದ್ದು ಇದಕ್ಕೇ. ಜಾಹೀರಾತಿನಲ್ಲಿ ಬಾಳಿಕೆಯ ಬಗ್ಗೆ ಜಾಸ್ತಿ ಹೇಳುತ್ತಾರೆ. ನಮ್ಮಂಥ ಊರಿಗೆ ಬೇಗ ತುಂಬುವ ಗುಣವೇ ಮುಖ್ಯ.

ಹಾಕಿಸಿದ್ದು ಹೀಗೆ: 51.2 ವೋಲ್ಟ್, 100 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂಗಡಿಯವರು ಎಲ್‌ಎಫ್‌ಪಿ ಅನ್ನುತ್ತಾರಲ್ಲ, ಅದು. ಒಂದೊಂದೂ 5.12 ಯೂನಿಟ್ ಹಿಡಿಯುತ್ತದೆ. ಜೊತೆಗೆ ಸೋಲಾರ್, ಬ್ಯಾಟರಿ, ಲೈನ್ ಮೂರನ್ನೂ ಒಟ್ಟಿಗೆ ನಿಭಾಯಿಸುವ 5 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್, ಹಂಚಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್. ಬ್ಯಾಟರಿ ಒಂದಕ್ಕೆ 1 ಲಕ್ಷದ 15 ಸಾವಿರ, ಇನ್ವರ್ಟರ್‌ಗೆ 75 ಸಾವಿರ, ಅರ್ಥಿಂಗ್ ಮತ್ತು ವೈರಿಂಗ್‌ಗೆ 20 ಸಾವಿರದ ಹತ್ತಿರ. ಪ್ಯಾನೆಲ್ ಲೆಕ್ಕ ಬೇರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಬರುತ್ತದೆ. ಅದು ಸೋಲಾರ್‌ಗೆ ಮಾತ್ರ, ಬ್ಯಾಟರಿಗೆ ಒಂದು ಪೈಸೆಯೂ ಇಲ್ಲ. ಕೊಟೇಶನ್‌ನಲ್ಲಿ ಎಲ್ಲ ಸೇರಿಸಿ ಒಂದೇ ಮೊತ್ತ ಬರೆದು, ಕೆಳಗೆ ಸಬ್ಸಿಡಿ ಕಳೆದು ತೋರಿಸುತ್ತಾರೆ. ನೋಡಿದವರಿಗೆ ಬ್ಯಾಟರಿಗೂ ಸರ್ಕಾರ ಕೊಟ್ಟ ಹಾಗೆ ಕಾಣುತ್ತದೆ. ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಈಗ ದುಡ್ಡಿನ ಲೆಕ್ಕ. ಕೊಟೇಶನ್ ಕೊಡುವುದಕ್ಕೆ ಬಂದವರೊಬ್ಬರು, "ಅಕ್ಕಾ, ನಾಲ್ಕು ವರ್ಷದಲ್ಲಿ ಬ್ಯಾಟರಿ ದುಡ್ಡು ವಾಪಸ್" ಅಂದರು. ನಾನು ಅವರೆದುರೇ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ಒಂದು ಬ್ಯಾಟರಿಯಿಂದ ದಿನಕ್ಕೆ ಹೆಚ್ಚೆಂದರೆ ನಾಲ್ಕೂವರೆ ಯೂನಿಟ್ ಬಳಸಬಹುದು. ಯೂನಿಟ್‌ಗೆ ಸುಮಾರು 6 ರೂಪಾಯಿ ಅಂದರೆ ದಿನಕ್ಕೆ 27 ರೂಪಾಯಿ. ವರ್ಷವಿಡೀ ಒಂದು ದಿನವೂ ಬಿಡದೆ ತುಂಬಿಸಿ ಖಾಲಿ ಮಾಡಿದರೂ 10 ಸಾವಿರ ಮುಟ್ಟುವುದಿಲ್ಲ. 1 ಲಕ್ಷದ 15 ಸಾವಿರ ವಾಪಸ್ ಬರಲು ಹನ್ನೊಂದು ವರ್ಷದ ಮೇಲೆ ಬೇಕು. ವಾರಂಟಿ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಆ ದುಡ್ಡಿಗೆ ಬ್ಯಾಂಕ್ ಬಡ್ಡಿಯನ್ನು ನಾನು ಸೇರಿಸಿಯೇ ಇಲ್ಲ.

ಇದು ನೆಟ್ ಮೀಟರ್ ಇಲ್ಲದವರ ಲೆಕ್ಕ. ನೆಟ್ ಮೀಟರ್ ಇದ್ದವರಿಗೆ ಉಳಿತಾಯ ಅನ್ನುವುದೇ ಇಲ್ಲ. ಹಗಲು ಪ್ಯಾನೆಲ್‌ನಿಂದ ಲೈನ್‌ಗೆ ಹೋದ ಯೂನಿಟ್, ರಾತ್ರಿ ನಾವು ತೆಗೆದುಕೊಂಡ ಯೂನಿಟ್‌ಗೆ ವಜಾ ಆಗುತ್ತದೆ. ಲೈನೇ ನಮ್ಮ ಕಣಜ. ಅದನ್ನು ಬಿಟ್ಟು ಬ್ಯಾಟರಿಗೆ ತುಂಬಿ ತೆಗೆದರೆ ನೂರಕ್ಕೆ ಹತ್ತರಷ್ಟು ದಾರಿಯಲ್ಲೇ ಸೋರುತ್ತದೆ, ಅಷ್ಟೇ. ಇನ್ನು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರಿಗೆ ಉಳಿಸುವುದಕ್ಕೆ ಬಿಲ್ಲೇ ಇಲ್ಲ. ಇದನ್ನೆಲ್ಲ ಹೇಳಿದ ಮೇಲೆ ಬಂದವರು ದುಡ್ಡು ವಾಪಸ್ ಬರುವ ಮಾತು ಬಿಟ್ಟು ವಾರಂಟಿ ಮಾತಿಗೆ ಹೋದರು.

ನನ್ನ ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಅವಳೂ ಬ್ಯಾಟರಿ ಹಾಕಿಸಿದ್ದಾಳೆ, ಅವಳಿಗೆ ಲಾಭ ಇದೆ. ಅಲ್ಲಿ ಹಗಲು ಸೋಲಾರ್ ಮಾರಿದರೆ ಈಗ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಸಂಜೆ ಅದೇ ಕರೆಂಟ್ ಕೊಳ್ಳುವುದಕ್ಕೆ ಕೈತುಂಬ ಕೊಡಬೇಕು. ಸಾಲದ್ದಕ್ಕೆ 2025ರ ಜುಲೈಯಿಂದ ಅಲ್ಲಿನ ಕೇಂದ್ರ ಸರ್ಕಾರವೇ ಬ್ಯಾಟರಿ ಬೆಲೆಯಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆ ಮಾಡಿಸುತ್ತಿದೆ. ಯೂಟ್ಯೂಬ್‌ನಲ್ಲಿ ನಾವು ನೋಡುವ ಬಹಳಷ್ಟು ವಿಡಿಯೋಗಳು ಅಂಥ ದೇಶಗಳವು. ಹಗಲಿಗೂ ರಾತ್ರಿಗೂ ದರ ಒಂದೇ ಇರುವ ನಮ್ಮ ಮನೆಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಮುಂದೆ ಇಲ್ಲೂ ಸಂಜೆಗೆ ಬೇರೆ ದರ ಬಂದರೆ ಆಗ ಮತ್ತೆ ಕೂಡಿ ಕಳೆದು ನೋಡಬೇಕು.

ಹಾಗಾದರೆ ಎಷ್ಟು ದೊಡ್ಡದು ಬೇಕು? ಇದನ್ನು ಅಂಗಡಿಯವರಿಗೆ ಬಿಡಬೇಡಿ. ಪ್ಲಗ್‌ಗೆ ಹಾಕುವ ಸಣ್ಣ ಮೀಟರ್ ಸಿಗುತ್ತದೆ, ಸಾವಿರ ರೂಪಾಯಿಯ ಆಸುಪಾಸು. ನಾವು ಅದನ್ನು ತಂದು ಒಂದೊಂದಕ್ಕೇ ಹಾಕಿ ನೋಡಿದೆವು. ಕಾನ್ಸಂಟ್ರೇಟರ್ 310 ವ್ಯಾಟ್. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ 3.1 ಯೂನಿಟ್. ಫ್ರಿಜ್ ರಾತ್ರಿಗೆ ಅರ್ಧ ಯೂನಿಟ್. ನಾಲ್ಕು ಎಲ್‌ಇಡಿ ಬಲ್ಬು, ವೈಫೈ ಎಲ್ಲ ಸೇರಿ 0.3. ಆಮೇಲೆ ಯಾರೂ ಹೇಳದ ಒಂದು ಬಾಬ್ತು ಇದೆ: ಇನ್ವರ್ಟರ್ ತಾನೇ ತಿನ್ನುವ ಕರೆಂಟ್. 5 ಕಿಲೋವ್ಯಾಟ್ ಮೆಷಿನ್ ಸುಮ್ನೆ ಆನ್ ಆಗಿ ಕೂತಿದ್ದರೂ 50 ವ್ಯಾಟ್ ಆಸುಪಾಸು ಎಳೆಯುತ್ತಿರುತ್ತದೆ. ರಾತ್ರಿಗೆ ಅದೂ ಅರ್ಧ ಯೂನಿಟ್. ದಿನಕ್ಕೆ ಒಂದು ಯೂನಿಟ್‌ಗೂ ಜಾಸ್ತಿ. ಒಂದು ಫ್ರಿಜ್‌ನಷ್ಟು!

ಎಲ್ಲ ಕೂಡಿದರೆ 4.4. ಒಂದು ಬ್ಯಾಟರಿಯಲ್ಲಿ ಬರೆದಿರುವುದು 5.12. ಪೂರ್ತಿ ಇಳಿಸಬಾರದು, ನೂರಕ್ಕೆ ಹತ್ತು ಭಾಗ ಬಿಡಬೇಕು. ಬ್ಯಾಟರಿಯ ಡಿಸಿಯನ್ನು ಮನೆಯ ಎಸಿ ಮಾಡುವಾಗ ಸ್ವಲ್ಪ ಹೋಗುತ್ತದೆ. ಕೈಗೆ ಬರುವುದು 4.3. ಒಂದೇ ಬ್ಯಾಟರಿ ಆಗಿದ್ದರೆ ಬೆಳಗಿನ ಜಾವಕ್ಕೆ ಎದೆ ಡವಡವ ಅನ್ನುತ್ತಿತ್ತು. ಅದಕ್ಕೇ ಎರಡು. ಮೋಟಾರ್ ಪಂಪು, ಗೀಸರ್, ಇಂಡಕ್ಷನ್ ಯಾವುದನ್ನೂ ಇದಕ್ಕೆ ಸೇರಿಸಿಲ್ಲ. ಪಂಪು ಶುರುವಾಗುವಾಗ ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಬಚ್ಚಲಿಗೆ ಹಂಡೆ ಇದೆ, ಸೌದೆ ಇದೆ. ಮಾವನವರ ಕೋಣೆ, ಅಡುಗೆಮನೆ, ಜಗಲಿಯ ದೀಪ, ಇಷ್ಟಕ್ಕೆ ಬೇರೆ ಲೈನ್ ಎಳೆಸಿದೆವು. ಇಡೀ ಮನೆಗೆ ಬ್ಯಾಕಪ್ ಕೊಡುತ್ತೇವೆ ಅನ್ನುವವರಿಗೆ ಬೇಡ ಅನ್ನಿ.

ಸೋಲಾರ್ ಇದೆಯಲ್ಲ, ಹಗಲು ತುಂಬುತ್ತದೆ, ರಾತ್ರಿ ಬಳಸಿದರಾಯಿತು ಅಂತ ಬಯಲುಸೀಮೆಯವರು ಅಂದುಕೊಳ್ಳಬಹುದು, ಅಲ್ಲಿ ಅದು ಸರಿಯೇ. ಮಾರ್ಚ್ ತಿಂಗಳಲ್ಲಿ ನಮ್ಮ ಪ್ಯಾನೆಲ್ ದಿನಕ್ಕೆ 12 ಯೂನಿಟ್ ಕೊಡುತ್ತದೆ. ಪುಷ್ಯ ಮಳೆ ಹೊಯ್ಯುವಾಗ 2 ಯೂನಿಟ್ ಬಂದರೆ ದೊಡ್ಡದು. ಮಧ್ಯಾಹ್ನವೇ ದೀಪ ಹಾಕಿಕೊಂಡು ಕೂತಿರುತ್ತೇವೆ. ಕರೆಂಟ್ ಹೋಗುವ ಕಾಲಕ್ಕೂ ಬಿಸಿಲಿರುವ ಕಾಲಕ್ಕೂ ನಮ್ಮಲ್ಲಿ ತಾಳೆಯೇ ಇಲ್ಲ. ಮಳೆಗಾಲದಲ್ಲಿ ಬ್ಯಾಟರಿ ತುಂಬಬೇಕಾದದ್ದು ಲೈನ್‌ನಿಂದಲೇ. ಹಾಗಾಗಿ ಜೂನ್ ಬಂತು ಅಂದರೆ ಇನ್ವರ್ಟರ್‌ನಲ್ಲಿ ಸೋಲಾರ್ ಮೊದಲು ಅನ್ನುವುದನ್ನು ತೆಗೆದು, ಲೈನ್‌ನಿಂದ ಚಾರ್ಜ್ ಆಗುವ ಹಾಗೆ ಬದಲಾಯಿಸುತ್ತೇವೆ. 40 ಆಂಪಿಯರ್‌ಗೆ ಇಟ್ಟಿದ್ದೇವೆ. ಗಂಟೆಗೆ 2 ಯೂನಿಟ್ ಒಳಗೆ ಹೋಗುತ್ತದೆ. ಎರಡು ಗಂಟೆ ಕರೆಂಟ್ ಬಂದು ಹೋದರೂ ಆ ರಾತ್ರಿಗೆ ಹೆಚ್ಚುಕಡಿಮೆ ಸಾಕಾಗುವಷ್ಟು ತುಂಬಿರುತ್ತದೆ. ಇದೊಂದಕ್ಕೇ ಈ ಬ್ಯಾಟರಿಗೆ ಕೊಟ್ಟ ದುಡ್ಡು ನನಗೆ ಭಾರ ಅನ್ನಿಸಿಲ್ಲ.

ಬ್ಯಾಟರಿ ಇಲ್ಲದೆ ಬರೀ ಸೋಲಾರ್ ಹಾಕಿಸಿದವರು ನಮ್ಮ ಸುತ್ತ ಜಾಸ್ತಿ ಆಗುತ್ತಿದ್ದಾರೆ. ಅವರಲ್ಲಿ ಸುಮಾರು ಜನಕ್ಕೆ ಗೊತ್ತಿಲ್ಲದ ಸಂಗತಿ: ಲೈನ್‌ನಲ್ಲಿ ಕರೆಂಟ್ ಹೋದರೆ ಆನ್‌ಗ್ರಿಡ್ ಸೋಲಾರ್, ಅಂದರೆ ಲೈನ್‌ಗೆ ಜೋಡಿಸಿದ ಸೋಲಾರ್ ಕೂಡ ನಿಂತು ಹೋಗುತ್ತದೆ, ಮೇಲೆ ಎಷ್ಟೇ ಬಿಸಿಲಿರಲಿ. ತಂತಿ ಸರಿ ಮಾಡಲು ಕಂಬ ಹತ್ತಿದವರಿಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಆ ವ್ಯವಸ್ಥೆ ಇರಲೇಬೇಕು. ಆದರೆ ಮುಂದೆ ಬ್ಯಾಟರಿ ಸೇರಿಸುವ ಮನಸ್ಸಿದ್ದರೆ ಮೊದಲೇ ಹೈಬ್ರಿಡ್ ಇನ್ವರ್ಟರ್ ಹಾಕಿಸಿ. ಆಮೇಲೆ ಬದಲಾಯಿಸುವುದು ಎರಡು ಖರ್ಚು.

ಈಗ ದೂರು. ಹಾಕಿಸಿದ ಹೊಸದರಲ್ಲಿ ಒಂದು ಸಂಜೆ ಇನ್ವರ್ಟರ್ ಪರದೆ ನೋಡುತ್ತೇನೆ, ಬ್ಯಾಟರಿ 71ಕ್ಕೆ ಇಳಿದಿದೆ. ಕರೆಂಟ್ ಇದೆ. ಇನ್ವರ್ಟರ್‌ಗೆ ಸೇರದ ಕೊಟ್ಟಿಗೆಯ ಬಲ್ಬು ಕೆಂಪಗೆ ಉರಿಯುತ್ತಿದೆ. ಆದರೂ ಬ್ಯಾಟರಿ ಇಳಿಯುತ್ತಲೇ ಇದೆ. ಪರದೆಯ ಎಡಗಡೆ ಕಂಬದ ಚಿತ್ರದ ಪಕ್ಕ 164 ಅಂತ ಮಿಣುಕುತ್ತಿತ್ತು. ಅದು ವೋಲ್ಟೇಜ್. ಸಂಜೆ ಹೊತ್ತು ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಎಲ್ಲರ ಪಂಪು, ಮಿಕ್ಸಿ ಬೀಳುವುದರಿಂದ ವೋಲ್ಟೇಜ್ ಅಷ್ಟಕ್ಕೆ ಇಳಿಯುತ್ತದೆ. ಈ ಇನ್ವರ್ಟರ್‌ಗಳಲ್ಲಿ ಎರಡು ರೀತಿ ಇರುತ್ತದೆ. ಯುಪಿಎಸ್ ಮೋಡ್‌ನಲ್ಲಿ 170 ವೋಲ್ಟ್‌ಗಿಂತ ಕಡಿಮೆ ಬಂದರೆ ಲೈನ್ ಇಲ್ಲವೆಂದೇ ತಿಳಿದು ಬ್ಯಾಟರಿಗೆ ಹೋಗುತ್ತದೆ. ಇನ್ನೊಂದು ಮೋಡ್‌ನಲ್ಲಿ 90 ವೋಲ್ಟ್‌ವರೆಗೂ ತೆಗೆದುಕೊಳ್ಳುತ್ತದೆ. ಕೂರಿಸಿದ ಹುಡುಗರು ಮೊದಲನೆಯದರಲ್ಲಿ ಬಿಟ್ಟು ಹೋಗಿದ್ದರು, ನಮಗೆ ಒಂದು ಮಾತು ಹೇಳಿರಲಿಲ್ಲ. ಫೋನ್ ಮಾಡಿದರೆ, "ಎರಡನೆಯದಕ್ಕೆ ಹಾಕಿ ಅಕ್ಕಾ, ಸರಿ ಹೋಗುತ್ತದೆ" ಅಂದರು. ಆದರೆ ಹಾಗೆ ಹಾಕಿದರೆ ಆ ಸೋತ ವೋಲ್ಟೇಜೇ ನೇರ ಕಾನ್ಸಂಟ್ರೇಟರ್‌ಗೂ ಹೋಗುತ್ತದೆ. ಅದರ ಕಂಪ್ರೆಸರ್ ಸುಟ್ಟರೆ ಯಾರು ಹೊಣೆ? ಕೊನೆಗೆ ನಮ್ಮ ಊರಿನ ಎಲೆಕ್ಟ್ರಿಷಿಯನ್ನೇ ದಾರಿ ತೋರಿಸಿದರು. ಇನ್ವರ್ಟರ್‌ಗೆ ಮುಂಚೆ ಲೈನ್‌ನಲ್ಲಿ ಒಂದು ಸ್ಟೆಬಿಲೈಸರ್ ಕೂರಿಸಿದರು. ಈಗ ಸಂಜೆಯೂ ಚಾರ್ಜ್ ಆಗುತ್ತದೆ. ಹಳ್ಳಿ ಮನೆಗೆ ಸಾಮಾನು ಮಾರುವವರು ಮೊದಲು ಕೇಳಬೇಕಾದ ಪ್ರಶ್ನೆ ಸಂಜೆ ಏಳಕ್ಕೆ ನಿಮ್ಮಲ್ಲಿ ಎಷ್ಟು ವೋಲ್ಟ್ ಅನ್ನುವುದು. ನಮಗೆ ಒಬ್ಬರೂ ಕೇಳಲಿಲ್ಲ. ನನಗೆ ಇದರ ಬಗ್ಗೆ ಈಗಲೂ ಬೇಜಾರಿದೆ.

ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡದು. ಬ್ಯಾಟರಿಗೂ ಇನ್ವರ್ಟರ್‌ಗೂ ನಡುವೆ ದಪ್ಪ ಕೇಬಲ್ ಅಲ್ಲದೆ ಇಂಟರ್‌ನೆಟ್ ವೈರಿನಂಥ ತೆಳ್ಳಗಿನ ಕೇಬಲ್ ಒಂದು ಬರುತ್ತದೆ. ಬ್ಯಾಟರಿ ಒಳಗಿನ ಬಿಎಂಎಸ್, ಅಂದರೆ ಸೆಲ್‌ಗಳ ಮೇಲೆ ಕಣ್ಣಿಡುವ ಬೋರ್ಡು, ಅದರ ಮೂಲಕವೇ ಎಷ್ಟು ಉಳಿದಿದೆ ಅಂತ ಇನ್ವರ್ಟರ್‌ಗೆ ಹೇಳುವುದು. ಅದನ್ನು ಹಾಕದೆ ಹೋಗುವವರಿದ್ದಾರೆ. ಆಗ ಇನ್ವರ್ಟರ್ ವೋಲ್ಟೇಜ್ ನೋಡಿ ಅಂದಾಜು ಮಾಡುತ್ತದೆ. ಎಲ್‌ಎಫ್‌ಪಿಯಲ್ಲಿ 80 ಭಾಗ ಇದ್ದಾಗಲೂ 30 ಭಾಗ ಇದ್ದಾಗಲೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ. ಪರದೆಯಲ್ಲಿ 40 ಅಂತ ತೋರಿಸುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಆರಿ ಹೋಗಬಹುದು. ಮನೆಯಲ್ಲಿ ರೋಗಿ ಇದ್ದವರಿಗೆ ಆ ಅಂಕಿ ನಂಬುವ ಹಾಗಿರಬೇಕು. ಆ ಕೇಬಲ್ ಹಾಕಿದ್ದಾರಾ ಅಂತ ನೀವೇ ಕಣ್ಣಾರೆ ನೋಡಿ. ವಾರಕ್ಕೊಮ್ಮೆಯಾದರೂ ಬ್ಯಾಟರಿ ಪೂರ್ತಿ ನೂರು ಮುಟ್ಟಲಿ, ಒಳಗಿನ ಸೆಲ್‌ಗಳು ಸಮ ಆಗುತ್ತವೆ, ಅಂಕಿಯೂ ಸರಿ ಹೋಗುತ್ತದೆ.

ಬ್ಯಾಟರಿ ಒಂದೊಂದೂ 45 ಕೆಜಿ ಮೇಲಿದೆ. ಗೋಡೆಗೆ ತೂಗು ಹಾಕುವ ಮಾದರಿ. ನಮ್ಮದು ಮಣ್ಣಿನ ಗೋಡೆ, ಬೋಲ್ಟ್ ಹಿಡಿಯುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ನೆಲದಿಂದ ಒಂದು ಅಡಿ ಮೇಲೆ ಕೂರಿಸಿದ್ದೇವೆ. ಸೌದೆ ಹೊಗೆ ಬರದ, ಇರುಚಲು ಹೊಡೆಯದ ಜಾಗ ಹುಡುಕುವುದೇ ಹಳೇ ಮನೆಯಲ್ಲಿ ದೊಡ್ಡ ಕೆಲಸ. ಸ್ಟ್ಯಾಂಡಿನ ಕಾಲಿಗೆ ಇರುವೆ ಪುಡಿ ಹಾಕುತ್ತಿರಬೇಕು. ಇನ್ವರ್ಟರ್ ಬೆಚ್ಚಗಿರುತ್ತದೆ ಅಂತ ಇರುವೆ, ಹಲ್ಲಿ ಎರಡೂ ಅಲ್ಲಿಗೇ ಬರುತ್ತವೆ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಬೇರೆ ಅರ್ಥಿಂಗ್ ಗುಂಡಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದೇವೆ. ಇವೆರಡರಲ್ಲಿ ಜಿಪುಣತನ ಮಾಡಿದರೆ ಮೂರು ಲಕ್ಷದ ಸಾಮಾನು ಒಂದು ಸಿಡಿಲಿಗೆ.

ಬೆಂಕಿ ಭಯ ತುಂಬ ಜನ ಕೇಳುತ್ತಾರೆ. ಸ್ಕೂಟರ್ ಹತ್ತಿಕೊಂಡದ್ದು ಟಿವಿಯಲ್ಲಿ ನೋಡಿರುತ್ತಾರೆ. ಲಿಥಿಯಂನಲ್ಲೂ ಜಾತಿಗಳಿವೆ. ಎಲ್‌ಎಫ್‌ಪಿ ಅದರಲ್ಲಿ ಬಿಸಿಗೆ ಸುಲಭವಾಗಿ ಕೆರಳದ ಬಗೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇಲ್ಲದ, ಯಾರೋ ಸೆಲ್ ಜೋಡಿಸಿ ಕೊಟ್ಟ ಪೆಟ್ಟಿಗೆ ಅರ್ಧ ಬೆಲೆಗೆ ಸಿಕ್ಕರೂ ಮನೆಯೊಳಗೆ ಇಡಬೇಡಿ.

ಟ್ಯೂಬುಲರ್ ಜೊತೆ ಹೋಲಿಸಿದರೆ ಬೆಲೆ ಅಷ್ಟೇನೂ ಜಾಸ್ತಿ ಅಲ್ಲ ಅಂತ ನನಗೆ ಅನ್ನಿಸಿದ್ದು ಹತ್ತು ವರ್ಷದ ಲೆಕ್ಕ ಹಾಕಿದಾಗ. ಒಂದು ಲಿಥಿಯಂ ಕೊಡುವಷ್ಟು ಪಡೆಯಲು 150 ಆಂಪಿಯರ್-ಅವರ್‌ನ ಐದು ಟ್ಯೂಬುಲರ್ ಬೇಕು. ಒಂದಕ್ಕೆ 16 ಸಾವಿರ ಅಂದರೆ 80 ಸಾವಿರ. ನಾಲ್ಕೈದು ವರ್ಷಕ್ಕೆ ಮತ್ತೆ ಹೊಸದು. ಹಳೇದನ್ನು ಗುಜರಿಗೆ ಕೊಟ್ಟು ಬರುವುದನ್ನು ಕಳೆದರೂ ಲಿಥಿಯಂಗಿಂತ ಕಡಿಮೆ ಆಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್‌ನ ಹಸಿರು ಕಿಲುಬು ಒರೆಸುವುದು ತಪ್ಪಿತು. ಆದರೆ ಅದು ರಾತ್ರಿಗೆ ನಾಲ್ಕು ಯೂನಿಟ್ ಬೇಕಾದವರ ಲೆಕ್ಕ. ಅಷ್ಟು ಬೇಡದವರಿಗೆ ಟ್ಯೂಬುಲರೇ ಸರಿ.

ವಾರಂಟಿ ಕಾಗದ ಪೂರ್ತಿ ಓದಿ. ವರ್ಷ ಒಂದು ಕಡೆ, ಎಷ್ಟು ಸಲ ತುಂಬಿ ಖಾಲಿ ಮಾಡಬಹುದು ಅನ್ನುವುದು ಇನ್ನೊಂದು ಕಡೆ ಬರೆದಿರುತ್ತಾರೆ, ಯಾವುದು ಮೊದಲು ಮುಗಿಯುತ್ತದೋ ಅದು. ಕೆಟ್ಟರೆ ಬ್ಯಾಟರಿ ಯಾರು ಹೊತ್ತು ಹೋಗಬೇಕು, ಸರಿಯಾಗಿ ಬರುವವರೆಗೆ ಬದಲಿ ಕೊಡುತ್ತಾರಾ ಅಂತ ಕೇಳಿ ಬರೆಸಿಕೊಳ್ಳಿ. ನಮಗೆ ಸರ್ವಿಸ್ ಶಿವಮೊಗ್ಗದಿಂದ ಬರಬೇಕು, ಮಳೆಯಲ್ಲಿ ಅದು ದೂರ. ಅದಕ್ಕೇ ಸಿಲಿಂಡರ್ ಇವತ್ತಿಗೂ ಮಾವನವರ ಮಂಚದ ಪಕ್ಕದಲ್ಲೇ ಇದೆ. ಡಾಕ್ಟರೂ ಹಾಗೇ ಹೇಳಿದ್ದಾರೆ. ಯಾವ ಬ್ಯಾಟರಿಯೂ ಅದನ್ನು ತೆಗೆಸುವಷ್ಟು ದೊಡ್ಡದಲ್ಲ.

ನಮ್ಮ ಮನೆಯಲ್ಲಿ ನೋಡಿದ ಮೇಲೆ ಕೆಳಗಿನ ಮನೆ ಅಣ್ಣಯ್ಯನವರೂ ಇದೇ ಹಾಕಿಸುತ್ತೇನೆ ಅಂತ ಹೊರಟಿದ್ದರು. ಅವರಿಗೆ ಬೇಕಾದದ್ದು ಮೂರು ದೀಪ, ಒಂದು ಫ್ಯಾನು, ಮೊಬೈಲ್ ಚಾರ್ಜು, ಮೊಮ್ಮಗಳು ಬಂದಾಗ ವೈಫೈ. ಮೀಟರ್ ಕೊಟ್ಟು ಕಳಿಸಿದೆ. ಅಳೆದು ನೋಡಿ ಬಂದರು, ರಾತ್ರಿಗೆ ಅರ್ಧ ಯೂನಿಟ್ಟೂ ಇಲ್ಲ. ಒಂದು 150 ಆಂಪಿಯರ್-ಅವರ್ ಟ್ಯೂಬುಲರ್, ಅದಕ್ಕೊಂದು ಸಣ್ಣ ಇನ್ವರ್ಟರ್ ತಂದರು. ಉಳಿದ ದುಡ್ಡಿಗೆ ಅಡಿಕೆ ಒಣಗಿಸುವ ಅಂಗಳಕ್ಕೆ ಪಾಲಿಹೌಸ್ ಕಟ್ಟಿಸುತ್ತಿದ್ದಾರೆ.